ನೀರಿನ ಬಣ್ಣದ ಲೆಕ್ಕ

ನೀರಿಗೆ ಯಾವ ಬಣ್ಣವೆಂದು ಶಾಲೆಯ ಹುಡುಗನೊಬ್ಬನನ್ನು ಕೇಳಿ ನೋಡಿ. ನೀರಿಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾನೆ. ಆದರೆ ಶ್ರಾವಣ ಮಾಸದಲ್ಲಿ ಅವನನ್ನು ಮುನಿರಾಬಾದಿಗೆ ಕರೆದುಕೊಂಡು ಹೋಗಿ ತುಂಗಭದ್ರೆಯ ಮುಂದೆ ನಿಲ್ಲಿಸಿದರೆ ಅವನ ಕಣ್ಣಿಗೆ ಬೀಳುವುದು ಕೆಮ್ಮಣ್ಣಿನ ನೀರು. ಅದೇ ಜಲಾಶಯವನ್ನು ಚಳಿಗಾಲದಲ್ಲಿ ತೋರಿಸಿದರೆ ಹಸಿರು ಛಾಯೆ ಕಂಡೀತು. ಗಂಗಾವತಿಯ ಗದ್ದೆಗಳಲ್ಲಿ ನಾಟಿಗೆ ಮೊದಲು ನಿಲ್ಲಿಸಿದ ನೀರು ಕಂದು. ಕುಷ್ಟಗಿ, ಯಲಬುರ್ಗಾ ಕಡೆಯ ಎರೆಹೊಲಗಳ ನಡುವಿನ ಹಳ್ಳದಲ್ಲಿ ಮಳೆ ಬಿದ್ದ ದಿನ ಹರಿಯುವುದು ಬೂದುಗಪ್ಪು ನೀರು. ಅದೇ ಊರುಗಳ ಕೊಳವೆಬಾವಿಯ ನೀರನ್ನು ಗಾಜಿನ ಲೋಟಕ್ಕೆ ಹಿಡಿದರೆ ಹರಳಿನಷ್ಟು ತಿಳಿ. ಹಾಗಾದರೆ ಶಾಲೆಯ ಪಾಠವೇ ತಪ್ಪೇ?

ಒಂದು ಲೋಟದ ಮಟ್ಟಿಗೆ ಪಾಠ ಸರಿ. ಲೋಟ ಬಿಟ್ಟು ಕೆರೆಗೆ, ಜಲಾಶಯಕ್ಕೆ, ಕಡಲಿಗೆ ಹೋದಾಗ ಅದು ಸಾಲದು. ಅಲ್ಲಿ ನೀರಿಗೆ ಬಣ್ಣವುಂಟು. ಆ ಬಣ್ಣಕ್ಕೆ ಕಾರಣವುಂಟು. ಆ ಕಾರಣವನ್ನು ಗಣಿತದಲ್ಲಿ ಬರೆಯಲೂ ಬರುತ್ತದೆ. ಕಳೆದ ನೂರು ವರ್ಷಗಳಲ್ಲಿ ವಿಜ್ಞಾನಿಗಳು ಈ ಗಣಿತವನ್ನು ಎಷ್ಟು ಬೆಳೆಸಿದ್ದಾರೆಂದರೆ, ನೂರಾರು ಮೈಲಿ ಎತ್ತರದಲ್ಲಿ ಸುತ್ತುವ ಉಪಗ್ರಹವೊಂದು ನೀರಿನ ಬಣ್ಣವನ್ನು ನೋಡಿ ಅದರೊಳಗೆ ಪಾಚಿ ಎಷ್ಟು, ಮಣ್ಣು ಎಷ್ಟು ಎಂದು ಅಂದಾಜು ಹೇಳಬಲ್ಲುದು. ಇದು ನಮಗೇಕೆ ಬೇಕು ಎನ್ನಬೇಡಿ. ಬಣ್ಣ ನೋಡಿ ನೀರನ್ನು ಅಳೆಯುವುದು ನಮ್ಮೆಲ್ಲರ ಹಳೆಯ ಅಭ್ಯಾಸ. ತಿಳಿನೀರು ಕಂಡರೆ ಬೊಗಸೆಯೊಡ್ಡುತ್ತೇವೆ, ಕದಡಿದ ನೀರು ಕಂಡರೆ ಹಿಂದೆಗೆಯುತ್ತೇವೆ. ಈ ಅಭ್ಯಾಸ ಎಲ್ಲಿಯವರೆಗೆ ಸರಿ, ಎಲ್ಲಿ ನಮ್ಮನ್ನು ಮೋಸಗೊಳಿಸುತ್ತದೆ ಎಂಬುದನ್ನು ತಿಳಿಯಬೇಕಾದರೆ ಬಣ್ಣದ ಲೆಕ್ಕ ತಿಳಿದಿರಬೇಕು.

ಲೆಕ್ಕಕ್ಕೆ ಮೊದಲು ಮನೆಯಲ್ಲೇ ಮಾಡಬಹುದಾದ ಎರಡು ಚಿಕ್ಕ ಪ್ರಯೋಗ. ಎರಡು ಗಾಜಿನ ಲೋಟಗಳಲ್ಲಿ ನೀರು ತುಂಬಿಡಿ. ಒಂದಕ್ಕೆ ಸ್ವಲ್ಪ ಚಹದ ಡಿಕಾಕ್ಷನ್ ಹಾಕಿ. ಇನ್ನೊಂದಕ್ಕೆ ಎರಡು ಹನಿ ಹಾಲು ಹಾಕಿ ಕಲಕಿ. ಕೋಣೆಯ ದೀಪವಾರಿಸಿ, ಒಂದು ಟಾರ್ಚಿನ ಬೆಳಕನ್ನು ಲೋಟಗಳ ಮೂಲಕ ಹಾಯಿಸಿ. ಚಹದ ನೀರಿನ ಆಚೆಗೆ ಬರುವ ಬೆಳಕು ಕೆಂಪುಹಳದಿ. ಪಕ್ಕದಿಂದ ನೋಡಿದರೆ ಬೆಳಕು ಅಷ್ಟಾಗಿ ಕಾಣದು. ಚಹ ನೀಲಿ ಬೆಳಕನ್ನು ನುಂಗಿಬಿಟ್ಟಿದೆ. ಹಾಲಿನ ನೀರನ್ನು ಪಕ್ಕದಿಂದ ನೋಡಿ. ಲೋಟವೆಲ್ಲ ಬೆಳಗಿ ತುಸು ನೀಲಿಯಾಗಿ ಕಾಣುತ್ತದೆ. ಹಾಲಿನ ಕಣಗಳು ಬೆಳಕನ್ನು ನುಂಗದೆ ದಿಕ್ಕುದಿಕ್ಕಿಗೆ ಎರಚಿವೆ. ಮೊದಲನೆಯದು ಹೀರಿಕೆ, ಎರಡನೆಯದು ಚದರಿಕೆ. ನೀರಿನೊಳಗೆ ಹೊಕ್ಕ ಬೆಳಕಿಗೆ ಮುಖ್ಯವಾಗಿ ಈ ಎರಡೇ ಗತಿ: ಇಲ್ಲವೇ ಹೀರಲ್ಪಡಬೇಕು, ಇಲ್ಲವೇ ಚದರಬೇಕು. ಕೆರೆಯ ಕೆಂಪು, ಕಡಲಿನ ನೀಲಿ ಎಲ್ಲವೂ ಈ ಎರಡರ ಜಮಾಖರ್ಚು.

ಮೊದಲು ಹೀರಿಕೆಯ ಲೆಕ್ಕ ನೋಡೋಣ. ಸೂರ್ಯನ ಬಿಳಿಯ ಬೆಳಕು ಕಾಮನಬಿಲ್ಲಿನ ಎಲ್ಲ ಬಣ್ಣಗಳ ಮಿಶ್ರಣ. ಆ ಬಣ್ಣಗಳೆಲ್ಲವೂ ದಾರಿಯಲ್ಲಿ ಸುಂಕ ತೆತ್ತೇ ನೀರಿನೊಳಗೆ ಇಳಿಯಬೇಕು. ಆದರೆ ಸುಂಕದ ದರ ಎಲ್ಲಕ್ಕೂ ಒಂದೇ ಅಲ್ಲ. ಅತ್ಯಂತ ಶುದ್ಧವಾದ ನೀರಿನಲ್ಲಿ ಕೆಂಪು ಬೆಳಕು ಒಂದು ಮೀಟರು ಇಳಿಯುವಷ್ಟರಲ್ಲಿ ನೂರರಲ್ಲಿ ಸುಮಾರು ೨೯ ಪಾಲನ್ನು ಕಳೆದುಕೊಂಡಿರುತ್ತದೆ, ಉಳಿದದ್ದು ೭೧. ಎರಡನೆಯ ಮೀಟರಿನಲ್ಲಿ ಮತ್ತೆ ೨೯ ಹೋಗುವುದಿಲ್ಲ. ಉಳಿದ ೭೧ರಲ್ಲಿ ನೂರಕ್ಕೆ ೨೯ರಂತೆ ಹೋಗುತ್ತದೆ. ಹೀಗೆ ಎರಡು ಮೀಟರಿಗೆ ೫೧, ಮೂರು ಮೀಟರಿಗೆ ೩೬, ಹತ್ತು ಮೀಟರಿಗೆ ಬರಿಯ ೩. ನೀಲಿ ಬೆಳಕಿಗೆ ಸುಂಕ ತೀರ ಕಡಿಮೆ. ಒಂದು ಮೀಟರಿಗೆ ನೂರರಲ್ಲಿ ಒಂದು ಪಾಲೂ ಪೂರ್ತಿ ಹೋಗದು. ಹತ್ತು ಮೀಟರು ಇಳಿದ ಮೇಲೂ ನೂರರಲ್ಲಿ ೯೧ ಉಳಿದಿರುತ್ತದೆ. ಚಕ್ರಬಡ್ಡಿಯ ಲೆಕ್ಕ ಬಲ್ಲವರಿಗೆ ಇದು ಹೊಸದಲ್ಲ. ಅಲ್ಲಿ ಬೆಳೆಯುವ ಗಂಟು ಇಲ್ಲಿ ಕರಗುತ್ತದೆ, ಅಷ್ಟೇ ವ್ಯತ್ಯಾಸ. ಹೀಗಾಗಿ ಆಳದ ಶುದ್ಧ ನೀರಿನಲ್ಲಿ ಕೊನೆಗೆ ಉಳಿಯುವ ಬಣ್ಣ ನೀಲಿ. ಒಂದು ಲೋಟದ ಉದ್ದ ಹತ್ತಿಪ್ಪತ್ತು ಸೆಂಟಿಮೀಟರಾದ್ದರಿಂದ ಅಲ್ಲಿ ಈ ಸುಂಕ ನಮ್ಮ ಕಣ್ಣಿಗೆ ಬೀಳದು.

ಆದರೆ ಬೆಳಕು ಬರಿದೇ ಒಳಗೆ ಇಳಿದು ಹೋದರೆ ನಮಗೆ ಕಾಣುವುದು ಕತ್ತಲೆಯೇ ಹೊರತು ಬಣ್ಣವಲ್ಲ. ಬಣ್ಣ ಕಾಣಬೇಕಾದರೆ ಯಾರಾದರೂ ಆ ಬೆಳಕನ್ನು ಹಿಂದಕ್ಕೆ ತಿರುಗಿಸಬೇಕು. ಆ ಕೆಲಸ ಚದರಿಕೆಯದು. ಇಲ್ಲಿ ನಮ್ಮ ನಾಡಿಗೆ ಹತ್ತಿರದವರೊಬ್ಬರ ಹೆಸರು ಬರುತ್ತದೆ.

೧೯೨೧ರ ಬೇಸಗೆಯಲ್ಲಿ, ಕಲ್ಕತ್ತೆಯಲ್ಲಿ ಪ್ರಾಧ್ಯಾಪಕರಾಗಿದ್ದ ಚಂದ್ರಶೇಖರ ವೆಂಕಟರಾಮನ್ ಅವರು ಇಂಗ್ಲೆಂಡಿಗೆ ಹೋಗಿದ್ದರು. ಸೆಪ್ಟೆಂಬರಿನಲ್ಲಿ ‘ನಾರ್ಕುಂಡ’ ಎಂಬ ಹಡಗಿನಲ್ಲಿ ಹಿಂದಿರುಗುತ್ತಿದ್ದಾಗ ಮೆಡಿಟರೇನಿಯನ್ ಸಮುದ್ರದ ಗಾಢವಾದ ನೀಲಿ ಅವರ ಮನಸ್ಸನ್ನು ಹಿಡಿಯಿತು. ಕಡಲಿನ ನೀಲಿ ಅದರ ಸ್ವಂತದ್ದಲ್ಲ, ಮೇಲಿನ ಆಕಾಶದ ನೀಲಿಯ ಪ್ರತಿಬಿಂಬ ಮಾತ್ರ ಎಂದು ಆಗಿನ ದೊಡ್ಡ ವಿಜ್ಞಾನಿ ಲಾರ್ಡ್ ರ್‍ಯಾಲೆಯವರು ಹೇಳಿದ್ದರು. ರಾಮನ್ ಅದನ್ನು ಹಾಗೆಯೇ ಒಪ್ಪಲಿಲ್ಲ. ಅವರ ಬಳಿ ನಿಕೋಲ್ ಪಟ್ಟಕವೆಂಬ ಒಂದು ಪುಟ್ಟ ಹರಳಿನ ಉಪಕರಣವಿತ್ತು. ಅದನ್ನು ತಕ್ಕ ಕೋನದಲ್ಲಿ ಹಿಡಿದು ನೋಡಿದರೆ ನೀರಿನ ಮೇಲ್ಮೈಯಿಂದ ಪ್ರತಿಫಲಿಸಿ ಬರುವ ಬೆಳಕು ಅಳಿಸಿಹೋಗುತ್ತದೆ. ಆಕಾಶದ ಪ್ರತಿಬಿಂಬ ಹೋದ ಮೇಲೆ ಕಡಲಿನ ನೀಲಿಯೂ ಹೋಗಬೇಕಿತ್ತಲ್ಲವೇ? ಹೋಗಲಿಲ್ಲ, ಇನ್ನಷ್ಟು ಚೆಲುವಾಗಿ ಕಂಡಿತು. ಬೆಳಕು ಬರುತ್ತಿದ್ದದ್ದು ನೀರಿನ ಒಳಗಿನಿಂದ. ನೀರಿನ ಅಣುಗಳೇ ಅದನ್ನು ಚದರಿಸುತ್ತಿದ್ದವು. ಹಡಗು ಮುಂಬಯಿ ಬಂದರು ಸೇರಿದಾಗ, ೧೯೨೧ರ ಸೆಪ್ಟೆಂಬರ್ ೨೬ರ ತಾರೀಖು ಹಾಕಿ, ಅವರು ‘ನೇಚರ್’ ಪತ್ರಿಕೆಗೆ ಈ ವಿಷಯವನ್ನು ಬರೆದು ಕಳುಹಿಸಿದರು. ಮುಂದೆ ಅವರ ಸಹೋದ್ಯೋಗಿ ಕೆ. ಆರ್. ರಾಮನಾಥನ್ ಮೊದಲಾದವರು ಚದರಿಕೆ, ಹೀರಿಕೆ ಎರಡನ್ನೂ ಕೂಡಿಸಿ ಕಡಲಿನ ಬಣ್ಣದ ಲೆಕ್ಕ ಹಾಕಿದರು.

ಆ ಪ್ರಯಾಣದಲ್ಲಿ ಹಿಡಿದ ಜಾಡೇ ಏಳು ವರ್ಷಗಳ ಮೇಲೆ, ೧೯೨೮ರ ಫೆಬ್ರವರಿ ೨೮ರಂದು, ರಾಮನ್ ಪರಿಣಾಮದ ಶೋಧಕ್ಕೆ ಅವರನ್ನು ಮುಟ್ಟಿಸಿತು. ೧೯೩೦ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ೧೯೩೩ರಲ್ಲಿ ಬೆಂಗಳೂರಿಗೆ ಬಂದ ಅವರು ೧೯೭೦ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯೇ ಇದ್ದರು. ಅವರ ಹೆಸರಿನ ಆ ಪರಿಣಾಮ ಕಡಲಿನೊಳಗೂ ನಡೆಯುತ್ತಿದೆ ಎಂಬುದು ಸ್ವಾರಸ್ಯದ ಸಂಗತಿ. ನೀರಿನ ಅಣುಗಳು ನೀಲಿ ಬೆಳಕಿನ ಅತ್ಯಲ್ಪ ಪಾಲನ್ನು ಹಸಿರಿಗೂ, ಹಸಿರಿನ ಅತ್ಯಲ್ಪ ಪಾಲನ್ನು ಕೆಂಪಿಗೂ ಬದಲಿಸುತ್ತವೆ. ಸೂರ್ಯನ ಕೆಂಪು ತಲುಪಲಾರದ ಆಳದಲ್ಲಿಯೂ ಮಸುಕಾದ ಕೆಂಪು ಬೆಳಕು ಸಿಕ್ಕುವುದು ಹೀಗೆ. ಇಂದು ಕಡಲಿನ ಬಣ್ಣದ ಲೆಕ್ಕವನ್ನು ನಿಷ್ಕೃಷ್ಟವಾಗಿ ಹಾಕುವವರು ಈ ಅಂಶವನ್ನು ಬಿಡುವಂತಿಲ್ಲ.

ಈಗ ಎರಡನ್ನೂ ಕೂಡಿಸೋಣ. ನೀರಿನ ಬಣ್ಣದ ಗಣಿತದ ತಿರುಳು ಒಂದು ಭಿನ್ನರಾಶಿ. ಯಾವುದೇ ಒಂದು ಬಣ್ಣವನ್ನು ತೆಗೆದುಕೊಳ್ಳಿ. ಒಂದು ಮೀಟರು ನೀರು ಆ ಬಣ್ಣದ ಬೆಳಕನ್ನು ಎಷ್ಟು ಹಿಂದಕ್ಕೆ ಚದರಿಸುತ್ತದೆ ಎಂಬುದನ್ನು ಗೆರೆಯ ಮೇಲೆ ಬರೆಯಿರಿ. ಎಷ್ಟು ಹೀರುತ್ತದೆ, ಎಷ್ಟು ಹಿಂದಕ್ಕೆ ಚದರಿಸುತ್ತದೆ ಎಂಬ ಎರಡನ್ನೂ ಕೂಡಿಸಿ ಗೆರೆಯ ಕೆಳಗೆ ಬರೆಯಿರಿ. ಬಂದ ಭಾಗಲಬ್ಧಕ್ಕೆ ಅನುಗುಣವಾಗಿ ಆ ಬಣ್ಣ ನೀರಿನಿಂದ ಹೊರಗೆ ಬರುತ್ತದೆ. ಗೆರೆಯ ಮೇಲಿನದು ಹೆಚ್ಚಿದರೆ ಬಣ್ಣ ಬೆಳಗುತ್ತದೆ, ಕೆಳಗಿನ ಹೀರಿಕೆ ಹೆಚ್ಚಿದರೆ ಕಂದುತ್ತದೆ. ಶುದ್ಧ ಕಡಲ ನೀರಿಗೆ ಈ ಲೆಕ್ಕ ಹಾಕಿ. ನೀರಿನ ಅಣು ನೀಲಿಯನ್ನು ಕೆಂಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚಾಗಿ ಚದರಿಸುತ್ತದೆ. ಹೀರುವುದಾದರೋ ಕೆಂಪನ್ನು ನೀಲಿಗಿಂತ ಮೂವತ್ತು ಪಟ್ಟಿಗೂ ಹೆಚ್ಚು. ಭಾಗಿಸಿ ನೋಡಿದರೆ ಹೊರಬರುವ ಬೆಳಕಿನಲ್ಲಿ ನೀಲಿಯ ಪಾಲು ಕೆಂಪಿಗಿಂತ ನೂರು ಪಟ್ಟಿಗೂ ಮಿಗಿಲು. ನಡುಗಡಲು ನೀಲಿಯಾಗಿರುವುದರ ಗುಟ್ಟು ಇಷ್ಟೇ.

ಇನ್ನು ನಮ್ಮ ತುಂಗಭದ್ರೆಗೆ ಬನ್ನಿ. ಇಲ್ಲಿ ನೀರು ಒಂಟಿಯಾಗಿಲ್ಲ; ಮೂವರು ಜೊತೆಗಾರರಿದ್ದಾರೆ. ಮೊದಲನೆಯದು ಮಣ್ಣು. ಮಳೆಗಾಲದಲ್ಲಿ ಮಲೆನಾಡಿನಿಂದಲೂ ದಾರಿಯ ಹೊಲಗಳಿಂದಲೂ ಕೊಚ್ಚಿಬಂದ ನುಣ್ಣನೆಯ ಕಣಗಳು ಎಲ್ಲ ಬಣ್ಣಗಳನ್ನೂ ಬಲವಾಗಿ ಚದರಿಸುತ್ತವೆ. ಆದರೆ ಕೆಮ್ಮಣ್ಣಿನಲ್ಲಿರುವ ಕಬ್ಬಿಣದ ತುಕ್ಕಿನಂಥ ಅಂಶ ನೀಲಿಯನ್ನು ಹೀರಿಬಿಡುತ್ತದೆ. ಹೊರಬರುವುದು ಕೆಂಪು, ಕಂದು. ಎರಡನೆಯದು ಪಾಚಿ. ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಈ ಸಸ್ಯಗಳಲ್ಲಿರುವ ಪತ್ರಹರಿತ್ತು ನೀಲಿಯನ್ನೂ ಕೆಂಪನ್ನೂ ಉಣ್ಣುತ್ತದೆ, ನಡುವಿನ ಹಸಿರನ್ನು ಬಹುಮಟ್ಟಿಗೆ ಬಿಟ್ಟುಕೊಡುತ್ತದೆ. ಆದ್ದರಿಂದ ಹಸಿರು. ಮೂರನೆಯದು ಎಲೆ, ಹುಲ್ಲು, ಬೇರು ಕೊಳೆತು ನೀರಿನಲ್ಲಿ ಕರಗಿದ ರಸ. ಚಹದ ಲೋಟದಲ್ಲಿ ನೋಡಿದೆವಲ್ಲ, ಅದೇ ಗುಣ: ನೀಲಿಯನ್ನು ಹೀರುತ್ತದೆ, ಚದರಿಸುವುದು ಏನೂ ಇಲ್ಲವೆನ್ನಬಹುದು. ನೀರು, ಮಣ್ಣು, ಪಾಚಿ, ಎಲೆಯ ರಸ, ಈ ನಾಲ್ಕರ ಹೀರಿಕೆಗಳನ್ನು ಒಟ್ಟುಗೂಡಿಸಿ, ಚದರಿಕೆಗಳನ್ನು ಒಟ್ಟುಗೂಡಿಸಿ, ಮೇಲೆ ಹೇಳಿದ ಭಿನ್ನರಾಶಿಯಲ್ಲಿ ಇಟ್ಟರೆ ಜಲಾಶಯದ ಬಣ್ಣ ಲೆಕ್ಕದಿಂದಲೇ ಬರುತ್ತದೆ.

ನಿಜವಾದ ಲೆಕ್ಕ ಇನ್ನೂ ತೊಡಕಿನದು. ಒಂದು ಸಲ ಚದರಿದ ಕಿರಣ ಮತ್ತೊಂದು ಕಣಕ್ಕೆ ತಾಗಿ ಮತ್ತೆ ಚದರುತ್ತದೆ. ಮೇಲಕ್ಕೆ ಬಂದದ್ದು ಮೇಲ್ಮೈಯಿಂದ ಮತ್ತೆ ಒಳಗೆ ತಿರುಗುತ್ತದೆ. ಇಂಥ ಬೆಳಕಿನ ಸಂಚಾರವನ್ನು ಲೆಕ್ಕ ಹಾಕುವ ಗಣಿತವನ್ನು ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರು ೧೯೫೦ರಲ್ಲಿ ಪ್ರಕಟಿಸಿದ ‘ರೇಡಿಯೇಟಿವ್ ಟ್ರಾನ್ಸ್‌ಫರ್’ ಎಂಬ ಗ್ರಂಥದಲ್ಲಿ ಕ್ರಮಪಡಿಸಿ ಕೊಟ್ಟರು. ಅವರು ಯೋಚಿಸಿದ್ದು ನಕ್ಷತ್ರಗಳ ಮತ್ತು ಗ್ರಹಗಳ ವಾತಾವರಣವನ್ನು ಕುರಿತು. ಆದರೆ ಬೆಳಕಿಗೆ ನಕ್ಷತ್ರವೇನು, ಕಡಲೇನು? ಅದೇ ಸಮೀಕರಣಗಳನ್ನು ಕಡಲ ವಿಜ್ಞಾನಿಗಳು ನೀರಿಗೆ ಹೊಂದಿಸಿಕೊಂಡರು. ೧೯೮೩ರಲ್ಲಿ ನೊಬೆಲ್ ಪಡೆದ ಈ ಚಂದ್ರಶೇಖರ್ ರಾಮನ್ ಅವರ ಅಣ್ಣನ ಮಗ. ಕಡಲಿನ ಬಣ್ಣದ ಪ್ರಶ್ನೆಯನ್ನು ಚಿಕ್ಕಪ್ಪ ಎತ್ತಿದರು; ಅದರ ಉತ್ತರಕ್ಕೆ ಬೇಕಾದ ಗಣಿತ ಅಣ್ಣನ ಮಗನಿಂದ ಬಂದಿತು. ಈಗ ಆ ಸಮೀಕರಣಗಳನ್ನು ಗಣಕಯಂತ್ರಗಳು ಬಿಡಿಸುತ್ತವೆ.

ಇದುವರೆಗೆ ನಾವು ಮಾಡಿದ್ದು ಮುಂದಿನ ಲೆಕ್ಕ: ಒಳಗೆ ಏನಿದೆಯೆಂದು ಗೊತ್ತು, ಬಣ್ಣವನ್ನು ಕಂಡುಹಿಡಿಯುವುದು. ಬದುಕಿಗೆ ಬೇಕಾದದ್ದು ಹಿಂದಿನ ಲೆಕ್ಕ: ಬಣ್ಣ ಕಾಣುತ್ತಿದೆ, ಒಳಗೆ ಏನಿದೆ ಎಂದು ಹೇಳುವುದು. ಇದು ಕಷ್ಟ. ಒಂದು ಚೀಲದಲ್ಲಿ ಅಕ್ಕಿ, ಬೇಳೆ, ಬೆಲ್ಲ ಮೂರೂ ಇವೆ. ಒಟ್ಟು ಬೆಲೆ ಇಷ್ಟು ಎಂದು ಮಾತ್ರ ಹೇಳಿದರೆ ಯಾವುದು ಎಷ್ಟಿದೆಯೆಂದು ಹೇಳಲಾಗದು. ಆದರೆ ಬೆಲೆಪಟ್ಟಿ ಬೇರೆಬೇರೆಯಾಗಿರುವ ಮೂರು ಅಂಗಡಿಗಳಲ್ಲಿ ಅದೇ ಚೀಲಕ್ಕೆ ಬೆಲೆ ಕಟ್ಟಿಸಿದರೆ ಮೂರು ಸಮೀಕರಣಗಳಾದವು. ಮೂರೂ ತೂಕಗಳು ಸಿಕ್ಕುತ್ತವೆ. ಇಲ್ಲಿ ಒಂದೊಂದು ಬಣ್ಣವೂ ಒಂದೊಂದು ಅಂಗಡಿ. ಮಣ್ಣು, ಪಾಚಿ, ಎಲೆಯ ರಸ ಯಾವ ಬಣ್ಣವನ್ನು ಎಷ್ಟೆಷ್ಟು ಹೀರುತ್ತವೆಂಬುದೇ ಬೆಲೆಪಟ್ಟಿ. ಆದ್ದರಿಂದ ನೀರನ್ನು ಒಂದೇ ಬಣ್ಣದಲ್ಲಿ ನೋಡಿದರೆ ಸಾಲದು, ಹಲವು ಬಣ್ಣಗಳಲ್ಲಿ ಬಿಡಿಬಿಡಿಯಾಗಿ ಅಳೆಯಬೇಕು.

ಉಪಗ್ರಹಗಳು ಮಾಡುವುದು ಇದನ್ನೇ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ೧೯೯೯ರ ಮೇ ೨೬ರಂದು ಓಷನ್‌ಸ್ಯಾಟ್ ಎಂಬ ಉಪಗ್ರಹವನ್ನು ಹಾರಿಸಿತು. ಅದರಲ್ಲಿದ್ದ ಕಡಲಬಣ್ಣದ ಮಾಪಕ ಎಂಟು ಬಣ್ಣಪಟ್ಟಿಗಳಲ್ಲಿ ಬೆಳಕನ್ನು ಅಳೆಯುತ್ತಿತ್ತು. ೨೦೦೯ರಲ್ಲಿ ಎರಡನೆಯದು ಹೋಯಿತು. ೨೦೨೨ರ ನವೆಂಬರಿನಲ್ಲಿ ಹೋದ ಮೂರನೆಯದರಲ್ಲಿ ಹದಿಮೂರು ಪಟ್ಟಿಗಳಿವೆ. ಇಲ್ಲೂ ಒಂದು ತೊಡಕುಂಟು. ಕಡಲಿನ ಮೇಲೆ ಕಣ್ಣಿಟ್ಟ ಉಪಗ್ರಹಕ್ಕೆ ಬರುವ ನೂರು ಪಾಲು ಬೆಳಕಿನಲ್ಲಿ ತೊಂಬತ್ತರಷ್ಟು ನಡುವಿನ ಗಾಳಿ, ಧೂಳುಗಳಿಂದ ಚದರಿ ಬಂದದ್ದು. ನೀರಿನ ಸುದ್ದಿ ಹೇಳುವುದು ಉಳಿದ ಹತ್ತು ಪಾಲು ಮಾತ್ರ. ತೊಂಬತ್ತನ್ನು ಲೆಕ್ಕದಿಂದ ಕಳೆದು ಹತ್ತನ್ನು ಉಳಿಸಿಕೊಳ್ಳಬೇಕು. ಸಂತೆಯ ಗದ್ದಲದಲ್ಲಿ ಒಬ್ಬರ ಪಿಸುಮಾತನ್ನು ಹಿಡಿದಂತೆ. ಆದರೂ ಹಿಡಿಯುತ್ತಾರೆ. ಪಾಚಿ ಇರುವಲ್ಲಿ ಮೀನಿಗೆ ಮೇವು, ಮೇವಿರುವಲ್ಲಿ ಮೀನು. ಕಡಲಿನ ಬಣ್ಣವನ್ನೂ ನೀರಿನ ಶಾಖವನ್ನೂ ನೋಡಿ ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರವು ಮೀನು ಸಿಗುವ ಸಂಭವವಿರುವ ಪ್ರದೇಶಗಳನ್ನು ಮೀನುಗಾರರಿಗೆ ತಿಳಿಸುತ್ತದೆ. ಕಾರವಾರ, ಮಲ್ಪೆ, ಮಂಗಳೂರಿನ ದೋಣಿಗಳಿಗೂ ಆ ಸುದ್ದಿ ಮುಟ್ಟುತ್ತದೆ.

ನಡುಗಡಲಿಗಿಂತ ನಮ್ಮ ಜಲಾಶಯದ ಬಣ್ಣವನ್ನು ಓದುವುದು ಹೆಚ್ಚು ಕಷ್ಟ. ನಡುಗಡಲಿನಲ್ಲಿ ಬಣ್ಣ ಬದಲಾಗುವುದು ಬಹುಮಟ್ಟಿಗೆ ಪಾಚಿಯಿಂದ. ಒಂದನ್ನು ಹಿಡಿದರೆ ಉಳಿದದ್ದು ಅದರ ಹಿಂದೆ ಬರುತ್ತದೆ. ಜಲಾಶಯದಲ್ಲಿ ಮಣ್ಣು ತನ್ನ ಪಾಡಿಗೆ ತಾನು ಏರುತ್ತದೆ, ಪಾಚಿ ತನ್ನ ಪಾಡಿಗೆ ತಾನು. ೧೯೭೭ರಲ್ಲಿಯೇ ಮೊರೆಲ್ ಮತ್ತು ಪ್ರಿಯೂರ್ ಎಂಬ ಫ್ರೆಂಚ್ ವಿಜ್ಞಾನಿಗಳು ಈ ಎರಡು ಬಗೆಯ ನೀರುಗಳನ್ನು ಬೇರ್ಪಡಿಸಿ ತೋರಿಸಿದರು. ಆದರೂ ತುಂಗಭದ್ರಾ ಜಲಾಶಯ ಚಿಕ್ಕದಲ್ಲ. ತುಂಬಿದಾಗ ೩೭೮ ಚದರ ಕಿಲೋಮೀಟರು ಹರಡುತ್ತದೆ. ೨೦೧೬ರಿಂದ ಸುತ್ತುತ್ತಿರುವ ಯುರೋಪಿನ ಸೆಂಟಿನೆಲ್ ಸರಣಿಯ ಉಪಗ್ರಹವೊಂದು ನೆಲವನ್ನು ೩೦೦ ಮೀಟರಿನ ಚೌಕಗಳಾಗಿ ನೋಡುತ್ತದೆ. ಅದರ ಚಿತ್ರದಲ್ಲಿ ನಮ್ಮ ಜಲಾಶಯ ಸುಮಾರು ೪,೦೦೦ ಚೌಕಗಳನ್ನು ತುಂಬುತ್ತದೆ. ಹಳ್ಳಿಯ ಕೆರೆ ಒಂದು ಚೌಕವನ್ನೂ ತುಂಬದು. ಅದಕ್ಕೆ ೧೦ ಮೀಟರಿನ ಚೌಕಗಳನ್ನು ಬಿಡಿಸಿ ನೋಡುವ ಬೇರೆ ಉಪಗ್ರಹಗಳು ಬೇಕು, ಅವೂ ಇವೆ. ಉಪಗ್ರಹ ಹೇಳಿದ್ದು ಸರಿಯೇ ಎಂದು ತಿಳಿಯಲು ಯಾರಾದರೂ ದೋಣಿಯಲ್ಲೋ ಹರಿಗೋಲಿನಲ್ಲೋ ಹೋಗಿ ಸೀಸೆಯಲ್ಲಿ ನೀರು ತುಂಬಿ ತಂದು ಪರೀಕ್ಷಿಸಲೇಬೇಕು. ಆ ಸೀಸೆಯಿಲ್ಲದೆ ಮೇಲಿನ ಗಣಿತಕ್ಕೆ ಆಧಾರವಿಲ್ಲ.

ಈ ಲೆಕ್ಕದಿಂದ ನಮಗೆ ಸಿಕ್ಕುವುದೇನು? ಮೊದಲನೆಯದು ಮಣ್ಣಿನ ಸುದ್ದಿ. ಮಳೆಗಾಲದ ಕೆಂಪು ಹೊಸ ನೀರಿನ ಸಂಭ್ರಮವನ್ನು ತರುತ್ತದೆ, ನಿಜ. ಆದರೆ ಆ ಕೆಂಪೆಲ್ಲ ಯಾರದೋ ಹೊಲದ ಮೇಲ್ಮಣ್ಣು. ಕಟ್ಟೆಯ ಹಿಂದೆ ನೀರು ನಿಂತಾಗ ಅದು ಕೆಳಗಿಳಿದು ಹೂಳಾಗುತ್ತದೆ. ೧೯೫೩ರಲ್ಲಿ ನೀರು ನಿಲ್ಲಿಸಲಾರಂಭಿಸಿದಾಗ ೧೩೩ ಟಿ.ಎಂ.ಸಿ. ಅಡಿ ಹಿಡಿಯುತ್ತಿದ್ದ ಜಲಾಶಯ ೨೦೧೬ರ ಅಳತೆಯಲ್ಲಿ ಸುಮಾರು ೧೦೫ಕ್ಕೆ ಇಳಿದಿತ್ತು. ಐದರಲ್ಲೊಂದು ಪಾಲಿಗೂ ಹೆಚ್ಚು ಜಾಗವನ್ನು ಮಣ್ಣು ತಿಂದಿದೆ. ಎಡದಂಡೆ ಕಾಲುವೆಯ ಕೊನೆಯ ಹೊಲಗಳಿಗೆ ನೀರು ಮುಟ್ಟಲಿಲ್ಲವೆಂದು ಬೇಸಗೆಯಲ್ಲಿ ಕೇಳುವ ಕೂಗಿಗೂ ಶ್ರಾವಣದ ಆ ಕೆಂಪಿಗೂ ಸಂಬಂಧವಿದೆ. ಯಾವ ಹಳ್ಳ ಎಷ್ಟು ಕೆಂಪನ್ನು ತರುತ್ತಿದೆ ಎಂಬುದನ್ನು ಬಣ್ಣದ ಲೆಕ್ಕದಿಂದ ಹಿಡಿಯಬಹುದು. ಬದು ಹಾಕಬೇಕಾದದ್ದು ಎಲ್ಲಿ ಎಂಬುದಕ್ಕೆ ಅದು ದಾರಿ ತೋರಿಸೀತು.

ಎರಡನೆಯದು ಪಾಚಿಯ ಸುದ್ದಿ. ಮಳೆಗಾಲದಲ್ಲಿ ಮಣ್ಣು ಬೆಳಕನ್ನು ತಡೆಯುವುದರಿಂದ ಪಾಚಿಗೆ ಬೆಳೆಯಲು ಅವಕಾಶ ಕಡಿಮೆ. ಮಣ್ಣು ತಳ ಸೇರಿ ನೀರು ತಿಳಿಯಾದ ಮೇಲೆ ಬೆಳಕು ಆಳಕ್ಕೆ ಇಳಿಯುತ್ತದೆ. ಹೊಲಗಳಿಂದ ಬಂದ ಗೊಬ್ಬರದ ಸಾರವೂ ಊರುಗಳ ಚರಂಡಿಯ ಸಾರವೂ ಕರಗಿದ್ದರೆ ಪಾಚಿಗೆ ಹಬ್ಬ. ಜಲಾಶಯದ ನೀರು ಹಸಿರಾಯಿತೆಂಬ ಸುದ್ದಿ ಕೆಲವು ವರ್ಷ ಬರುವುದನ್ನು ನೀವು ಓದಿರಬಹುದು. ಎಲ್ಲ ಪಾಚಿಯೂ ಕೆಟ್ಟದ್ದಲ್ಲ. ನೀಲಿಹಸಿರು ಪಾಚಿ ಎಂಬ ಜಾತಿಯಲ್ಲಿ ಕೆಲವು ಮಾತ್ರ ನಂಜನ್ನು ಉಂಟುಮಾಡುತ್ತವೆ; ಆ ನಂಜು ಯಕೃತ್ತಿಗೆ ಹಾನಿಕರ, ದನಕರುಗಳಿಗೂ ಅಪಾಯ. ಕುದಿಸಿದರೆ ಹೋಗುವಂಥದಲ್ಲ ಅದು. ಈ ಜಾತಿಯ ಪಾಚಿಯಲ್ಲಿರುವ ಒಂದು ವರ್ಣದ್ರವ್ಯ ಕಿತ್ತಳೆಗೆಂಪಿನ ಒಂದು ಗೊತ್ತಾದ ಪಟ್ಟಿಯನ್ನು ಹೀರುತ್ತದೆ. ಆ ಪಟ್ಟಿಯನ್ನೇ ನೋಡುವ ಉಪಗ್ರಹ ಅದರ ಸುಳಿವನ್ನು ಕೊಡಬಲ್ಲುದು. ಹಸಿರು ಕಂಡೊಡನೆ ಗಾಬರಿಯಾಗಬೇಕಿಲ್ಲ. ಆದರೆ ನೀರಿನ ಮೇಲೆ ಹಸಿರು ಕೆನೆ ಕಟ್ಟಿದಲ್ಲಿ ದನಗಳಿಗೆ ಕುಡಿಸಬಾರದು, ಮಕ್ಕಳನ್ನು ಇಳಿಸಬಾರದು.

ನೀರಿನ ತಿಳಿತನವನ್ನು ಅಳೆಯಲು ಉಪಗ್ರಹವೇ ಬೇಕೆಂದಿಲ್ಲ. ೧೮೬೫ರಲ್ಲಿ ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿ ಏಂಜೆಲೊ ಸೆಕ್ಕಿ ಎಂಬವರು ಒಂದು ಬಿಳಿಯ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಕಡಲಿಗೆ ಇಳಿಬಿಟ್ಟು, ಅದು ಯಾವ ಆಳದಲ್ಲಿ ಕಣ್ಮರೆಯಾಗುತ್ತದೆಂದು ನೋಡಿದರು. ಇಂದಿಗೂ ಆ ತಟ್ಟೆ ಬಳಕೆಯಲ್ಲಿದೆ. ಅಂದಾಜಿನ ಸೂತ್ರವೊಂದುಂಟು: ೧.೭ನ್ನು ಆ ಆಳದ ಮೀಟರುಗಳಿಂದ ಭಾಗಿಸಿದರೆ ಬೆಳಕು ಕರಗುವ ದರ ಸಿಕ್ಕುತ್ತದೆ. ತಟ್ಟೆ ಅರ್ಧ ಮೀಟರಿನಲ್ಲಿ ಮರೆಯಾದರೆ ದರ ೩.೪, ಒಂದು ಮೀಟರು ಆಳದಲ್ಲಿ ನೂರರಲ್ಲಿ ಮೂರು ಪಾಲು ಬೆಳಕು ಮಾತ್ರ. ೩.೪ ಮೀಟರಿನಲ್ಲಿ ಮರೆಯಾದರೆ ದರ ಅರ್ಧ. ಒಂದು ಮೀಟರಿನಲ್ಲಿ ನೂರಕ್ಕೆ ೬೧ ಪಾಲು ಉಳಿದಿರುತ್ತದೆ. ಕೊಪ್ಪಳದ ಒಂದು ಪ್ರೌಢಶಾಲೆಯ ಹುಡುಗರು ಉಪಾಧ್ಯಾಯರನ್ನು ಮುಂದಿಟ್ಟುಕೊಂಡು ಹತ್ತಿರದ ಕೆರೆಯಲ್ಲಿ ತಿಂಗಳಿಗೊಮ್ಮೆ ಹೀಗೆ ಅಳೆದು ಬರೆದಿಟ್ಟರೆ, ಎರಡು ವರ್ಷದಲ್ಲಿ ಆ ಕೆರೆಯ ಚರಿತ್ರೆಯೇ ಕೈಗೆ ಬರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಈ ಲೆಕ್ಕದ ಎಲ್ಲೆಯನ್ನೂ ಹೇಳಬೇಕು. ಬೆಳಕನ್ನು ಹೀರದ, ಚದರಿಸದ ವಸ್ತುವಿನ ಸುದ್ದಿ ಬಣ್ಣಕ್ಕೆ ಗೊತ್ತಿಲ್ಲ. ಇದು ಶಾಸ್ತ್ರದ ಮಾತೆಂದು ಬಿಡುವಂತಿಲ್ಲ, ಏಕೆಂದರೆ ಕುಷ್ಟಗಿ, ಯಲಬುರ್ಗಾ ಕಡೆಯ ಅನೇಕ ಕೊಳವೆಬಾವಿಗಳಲ್ಲಿ ಅಂಥದೊಂದು ವಸ್ತುವಿದೆ. ಅದೇ ಫ್ಲೋರೈಡು. ನೆಲದಡಿಯ ಕಗ್ಗಲ್ಲಿನಿಂದ ಬಹುಕಾಲ ನಿಂತ ನೀರಿಗೆ ಅದು ಕರಗಿ ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ೧.೫ ಮಿಲಿಗ್ರಾಮಿಗಿಂತ ಹೆಚ್ಚಿರಬಾರದೆಂದು ಮಿತಿ. ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ಇನ್ನೂ ಹೆಚ್ಚಾದರೆ ಮೂಳೆ, ಕೀಲುಗಳು ಬಿಗಿಯುತ್ತವೆ, ನಡು ಬಾಗುತ್ತದೆ. ಆ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಟ್ಟೆಯಲ್ಲಿ ಸೋಸಿದರೆ ಹೋಗದು. ಕುದಿಸಿದರೆ ನೀರು ಆವಿಯಾಗಿ ಅದು ಇನ್ನಷ್ಟು ದಟ್ಟವಾಗುತ್ತದೆ. ಕೆಂಪಾಗಿ ಹರಿಯುವ ಹೊಳೆಯ ನೀರನ್ನು ಪಟಿಕ ಆಡಿಸಿ, ತಿಳಿಗೊಳಿಸಿ, ಶುದ್ಧಿ ಮಾಡಿ ಕುಡಿದವನಿಗಿಂತ ಹರಳಿನಂಥ ಬಾವಿನೀರನ್ನು ನಂಬಿ ಕುಡಿದವನು ಹೆಚ್ಚು ಕಷ್ಟಕ್ಕೆ ಸಿಕ್ಕಬಹುದು. ನಮ್ಮ ಹಳೆಯ ಅಭ್ಯಾಸ ಮೋಸಮಾಡುವುದು ಇಲ್ಲಿ.

ಹಾಗಾದರೆ ಬಣ್ಣದ ಲೆಕ್ಕ ಇಲ್ಲಿ ಸೋತಿತೇ? ಇಲ್ಲ. ವಿಜ್ಞಾನಿಗಳು ಒಂದು ಉಪಾಯ ಮಾಡಿದ್ದಾರೆ. ತಾನಾಗಿ ಬಣ್ಣ ತೋರಿಸದ ಫ್ಲೋರೈಡಿನ ಮುಂದೆ ಬಣ್ಣವಿರುವ ಇನ್ನೊಂದು ದ್ರವವನ್ನು ತಂದು ನಿಲ್ಲಿಸುತ್ತಾರೆ. ಜಿರ್ಕೋನಿಯಮ್ ಎಂಬ ಲೋಹದ ಲವಣವನ್ನೂ ಅಲಿಜಾರಿನ್ ಎಂಬ ರಂಗನ್ನೂ ಕೂಡಿಸಿದ ಕೆಂಪು ದ್ರವವನ್ನು ನೀರಿಗೆ ಹಾಕಿದರೆ, ಫ್ಲೋರೈಡು ಆ ಜೋಡಿಯನ್ನು ಮುರಿಯುತ್ತದೆ. ಕೆಂಪು ಇಳಿದು ಹಳದಿಯ ಕಡೆಗೆ ತಿರುಗುತ್ತದೆ. ಎಷ್ಟು ತಿರುಗಿತೆಂದು ಬಣ್ಣದ ಪಟ್ಟಿಯೊಡನೆ ಹೋಲಿಸಿದರೆ ಫ್ಲೋರೈಡು ಎಷ್ಟಿದೆಯೆಂದು ತಿಳಿಯುತ್ತದೆ. ಪ್ರಯೋಗಾಲಯದಲ್ಲಿ ಅದೇ ಅಳತೆಯನ್ನು ಯಂತ್ರದಿಂದ ಮಾಡುತ್ತಾರೆ. ಅಲ್ಲಿ ನಡೆಯುವುದು ಕಡಲಿನಲ್ಲಿ ನಡೆದ ಹೀರಿಕೆಯ ಲೆಕ್ಕವೇ: ಇಷ್ಟು ದೂರ ದ್ರವದಲ್ಲಿ ಸಾಗಿದ ಬೆಳಕಿನಲ್ಲಿ ಎಷ್ಟು ಪಾಲು ಉಳಿಯಿತು ಎಂಬುದು.

ಆದ್ದರಿಂದ ನೀರನ್ನು ಕಣ್ಣಿನಿಂದ ನೋಡಿ, ಬೇಡವೆನ್ನುವುದಿಲ್ಲ. ಕೆಂಪು ಕಂಡರೆ ಮಣ್ಣನ್ನು ನೆನೆಯಿರಿ, ಹಸಿರು ಕಂಡರೆ ಪಾಚಿಯನ್ನು ವಿಚಾರಿಸಿ. ಆದರೆ ತಿಳಿಯಾಗಿದೆಯೆಂಬ ಒಂದೇ ಕಾರಣಕ್ಕೆ ಕೊಡ ತುಂಬಿಕೊಳ್ಳಬೇಡಿ. ನೀರು ಪರೀಕ್ಷಿಸುವ ಪೆಟ್ಟಿಗೆಗಳನ್ನು ಗ್ರಾಮ ಪಂಚಾಯಿತಿಗಳಿಗೆ ಕೊಟ್ಟಿದ್ದಾರೆ. ಹಳ್ಳಿಯ ಹೆಣ್ಣುಮಕ್ಕಳಿಗೆ ಪರೀಕ್ಷೆಯನ್ನು ಕಲಿಸಿಯೂ ಇದ್ದಾರೆ. ಪಟ್ಟಣದಲ್ಲಿರುವ ನಿಮಗೆ ಹಳ್ಳಿಯಲ್ಲಿ ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದೇ ಇರುತ್ತಾರೆ. ಮುಂದಿನ ಸಲ ಊರಿಗೆ ಹೋದಾಗ, ನಮ್ಮ ಬಾವಿಯ ನೀರನ್ನು ಪರೀಕ್ಷೆ ಮಾಡಿಸಿದ್ದೀರಾ, ಫ್ಲೋರೈಡು ಎಷ್ಟು ಬಂತು ಎಂದು ಕೇಳಿ. ಮಾಡಿಸಿರದಿದ್ದರೆ ಒಂದು ಶುಭ್ರವಾದ ಸೀಸೆಯಲ್ಲಿ ಆ ನೀರನ್ನು ಹಿಡಿದು ಪರೀಕ್ಷೆಗೆ ಕಳುಹಿಸಿ.